ಉಪ್ಪುನದಿಯ ಬಾಗಿಲಲ್ಲಿ ಎರಡು ಹೆಸರು

ಬರ್ನಿ, ಟಾಸ್ಮೇನಿಯಾ
೧೬ ಮಾರ್ಚ್ ೨೦೨೫, ಭಾನುವಾರ

ನೆವ್,

ಮಾರ್ಚ್ ಹನ್ನೊಂದನೇ ತಾರೀಕು, ಮಂಗಳವಾರ, ಡ್ರೈ ಬಿಲ್ಲಿ ಸ್ಟುಡಿಯೋ ನನ್ನನ್ನು ಉಪ್ಪುನದಿ ಆಟದಿಂದ ಹೊರಗೆ ಹಾಕಿತು. ನಾನು ಕಳ್ಳಾಟ ಆಡಿರಲಿಲ್ಲ. ಯಾರನ್ನೂ ಬೈದಿರಲಿಲ್ಲ, ಕೊನೇಪಕ್ಷ ಆ ವಾರ ಬೈದಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ವಿಂಡೋಸಿನ ಬದಲು ಲಿನಕ್ಸ್ ಇದೆ, ಅಷ್ಟೇ ಅಪರಾಧ. ಲಿನಕ್ಸಿನವರಿಗೆ ಇನ್ನು ಮುಂದೆ ಪ್ರವೇಶವಿಲ್ಲವಂತೆ. ಪರದೆಯ ಮೇಲೆ ಎರಡು ಸಾಲು, ಕೆಳಗೆ ‘ಸರಿ’ ಅನ್ನುವ ಒಂದು ಗುಂಡಿ. ‘ಸರಿಯಲ್ಲ’ ಅನ್ನಲು ಗುಂಡಿ ಇರಲಿಲ್ಲ.

ಇವತ್ತು ಸಂಜೆ ನೀನು ಆಟದೊಳಗಿನ ನಮ್ಮ ಗುಡಿಸಲಿನ ಮುಂದೆ ಗಾಳ ಹಾಕಿಕೊಂಡು ಕೂತಿರುತ್ತೀಯ. ಹೊತ್ತು ಹೋದಂತೆ, ಇವಳು ಯಾವುದಕ್ಕೋ ಮುನಿಸಿಕೊಂಡಿದ್ದಾಳೆ ಎಂದುಕೊಳ್ಳುತ್ತೀಯ. ಮುನಿಸಿಲ್ಲ ಎಂದು ತಿಳಿಸಲು ಈ ಕಾಗದ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರು ಹೇಗೆ ಎಂಬುದು ನಿನಗೂ ಗೊತ್ತು. ಮೊದಲು ಹವಾಮಾನ, ಆಮೇಲೆ ವಾದ, ಆಮೇಲೆ ನೀನು “ಸರಿ ಬಿಡು” ಅಂತೀಯ. ಆ “ಸರಿ ಬಿಡು” ನನಗೆ ಒಂದು ಚಳಿಗಾಲ ಪೂರ್ತಿ ಸಾಕಾಗುತ್ತದೆ.

ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ ಮೇಲೆ ನಾವು ಜಗಳವಿಲ್ಲದೆ ಪಕ್ಕಪಕ್ಕ ಕೂತ ಜಾಗ ಅದೊಂದೇ. ಭಾನುವಾರ ಸಂಜೆ, ನದಿಯ ದಂಡೆ, ಎರಡು ಗಾಳ. ಮಾತು ಬೇಕಾದರೆ ಉಂಟು, ಬೇಡವಾದರೆ ಇಲ್ಲ. ಅಲ್ಲಿಯ ನಿಯಮ ನಿನಗೆ ನೆನಪಿರಲಿ: ಜೂನ್‌ನಿಂದ ನವೆಂಬರ್‌ವರೆಗಿನ ನಮ್ಮ ಚಳಿಗಾಲ, ವಸಂತ ಎರಡೂ ಋತುವಿನಲ್ಲಿ ಒಮ್ಮೆಯೂ ಬಾರದವರ ಹೆಸರನ್ನು ಗುಡಿಸಲಿನ ಬಾಗಿಲಿನಿಂದ ಅಳಿಸುತ್ತಾರೆ. ಒಮ್ಮೆ ಅಳಿಸಿದ ಹೆಸರನ್ನು ಮತ್ತೆ ಬರೆಯುವುದಿಲ್ಲ. ಈ ಪ್ರಪಂಚದಲ್ಲಿ ‘ಲಿಯೋನಿ, ನೆವಿಲ್’ ಎಂದು ಒಟ್ಟಿಗೆ ಬರೆದಿರುವುದು ಇನ್ನು ಆ ಬಾಗಿಲ ಮೇಲೆ ಮಾತ್ರ. ನವೆಂಬರ್ ಮುಗಿಯುವವರೆಗೆ ಇರುತ್ತದೆ.

ಅಷ್ಟರೊಳಗೆ ಅವರಿಂದ ಉತ್ತರ ತೆಗೆಸುತ್ತೇನೆ.

ಲಿಯೋನಿ


ಕಲ್ಗೂರ್ಲಿ, ಪಶ್ಚಿಮ ಆಸ್ಟ್ರೇಲಿಯಾ
೪ ಏಪ್ರಿಲ್ ೨೦೨೫

ಲೀ,

ನಿನ್ನ ಕಾಗದ ಬಂತು. ಗಣಿಯ ಕ್ಯಾಂಪಿಗೆ ಕೈಬರಹದ ಕಾಗದ ಬರುವುದು ಅಪರೂಪ. ಆಫೀಸಿನ ಹುಡುಗಿ ಅದನ್ನು ಎರಡು ಬೆರಳಲ್ಲಿ ಹಿಡಿದು, “ನೆವ್, ಯಾರೋ ಸತ್ತಿರ್ಬೇಕು ನೋಡು” ಅಂದಳು. “ಸತ್ತಿಲ್ಲ ಕಣಮ್ಮ, ಸಿಟ್ಟಾಗಿದಾಳೆ” ಅಂದೆ.

ಆ ಭಾನುವಾರ ನಾನು ಕೂತಿದ್ದೆ. ಮುನಿಸಿಕೊಂಡಿದ್ದೀಯ ಎಂದೇ ಅಂದುಕೊಂಡೆ. ಹಿಂದಿನ ವಾರ ನಿನ್ನ ದೋಣಿಗೆ ಹಸಿರು ಬಣ್ಣ ಚೆನ್ನಾಗಿಲ್ಲ ಅಂದಿದ್ದೆನಲ್ಲ, ಅದಕ್ಕೇ ಇರಬೇಕು ಅಂತ. ಒಬ್ಬನೇ ಇದ್ದಾಗ ಮೀನು ಜಾಸ್ತಿ ಸಿಗುತ್ತದೆ. ಅದರಲ್ಲಿ ಸುಖವಿಲ್ಲ.

ನೋಡು, ಇದಕ್ಕೆ ಸುಲಭದ ದಾರಿ ಇದೆ. ನಿನ್ನ ಪೆಟ್ಟಿಗೆಯಲ್ಲಿ ವಿಂಡೋಸ್ ಹಾಕಿಕೋ. ಒಂದು ಮಧ್ಯಾಹ್ನದ ಕೆಲಸ. ನನ್ನ ಜೊತೆ ಲಾರಿ ಓಡಿಸುವ ವಿರೆಮುಗೆ ನಿನ್ನ ಕಥೆ ಹೇಳಿದೆ. ಅವನು ನ್ಯೂಜಿಲೆಂಡಿನವನು, ಎಲ್ಲದಕ್ಕೂ ನಗುತ್ತಾನೆ. “ಅಲ್ಲಾ ಗುರು, ಮೀನು ಹಿಡಿಯೋಕೆ ಆ ಯಮ್ಮ ಸಿದ್ಧಾಂತ ಇಟ್ಕೊಂಡಿದಾರಾ? ಗಾಳ ಯಾವ ಕಂಪನೀದು ಅಂತ ಮೀನು ಕೇಳುತ್ತಾ?” ಅಂದ. ನಾನೂ ನಕ್ಕೆ. ಕೋಪ ಮಾಡಿಕೊಳ್ಳಬೇಡ.

ಎಷ್ಟಾದರೂ ಆ ಲಿನಕ್ಸನ್ನು ನಿನ್ನ ಮನೆಗೆ ತಂದವನು ನಾನೇ. ಈಗ ನಾನೇ ಹೇಳುತ್ತಿದ್ದೇನೆ, ತೆಗೆದುಹಾಕು.

ಇಲ್ಲಿ ಇನ್ನೂ ಸೆಕೆ. ಕೆಂಪು ಧೂಳು ಹಲ್ಲಿನ ಸಂದಿಗೂ ಹೋಗುತ್ತದೆ.

ನೆವ್


ಬರ್ನಿ
೨೦ ಏಪ್ರಿಲ್ ೨೦೨೫, ಈಸ್ಟರ್ ಭಾನುವಾರ

ನೆವ್,

ತೆಗೆದುಹಾಕುವುದಿಲ್ಲ.

ಕಾರಣ ಹೇಳುತ್ತೇನೆ, ವಿರೆಮುಗೂ ಓದಿ ಹೇಳು. ನಿನ್ನ ಕಾಗದದ ಗಿರಣಿಯ ಆಫೀಸಿನವರು ಎಸೆದ ಕಂಪ್ಯೂಟರನ್ನು ನೀನು ಹೊತ್ತು ತಂದಿದ್ದು ೨೦೦೩ರಲ್ಲಿ. ವಿಂಡೋಸ್ ಹಾಕಿದರೆ ಅದು ಕೆಮ್ಮುತ್ತಿತ್ತು. ನೀನು ಪತ್ರಿಕೆಯ ಜೊತೆ ಬಂದ ಸಿ.ಡಿ. ಹಾಕಿ ಲಿನಕ್ಸ್ ಕೂರಿಸಿದೆ. ಆಗ ಲಿನಕ್ಸಿನಲ್ಲಿ ಆಟ ಎಂದರೆ ಇಸ್ಪೀಟು ಮತ್ತು ಮಂಜಿನ ಮೇಲೆ ಜಾರುವ ಒಂದು ಪೆಂಗ್ವಿನ್. ಅಂಗಡಿಯಲ್ಲಿ ಕೇಳಿದರೆ ಹುಡುಗರು ನಮ್ಮನ್ನು ಕುದುರೆಗಾಡಿಯಲ್ಲಿ ಬಂದವರಂತೆ ನೋಡುತ್ತಿದ್ದರು. ಆಮೇಲೆ ವಿಂಡೋಸಿಗಾಗಿ ಬರೆದ ಆಟವನ್ನು ಲಿನಕ್ಸಿನ ಮೇಲೆ ಆಡಿಸುವ ದುಭಾಷಿ ತಂತ್ರಾಂಶಗಳು ವರ್ಷ ವರ್ಷವೂ ಸುಧಾರಿಸಿದವು. ಈಗ ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಒಳಗೂ ಲಿನಕ್ಸ್ ಇದೆ, ಆಡುವವರಿಗೇ ಗೊತ್ತಿಲ್ಲ. ಇಷ್ಟು ದೂರ ಬಂದದ್ದು ಯಾರ ಕೃಪೆಯಿಂದಲೂ ಅಲ್ಲ. ನನ್ನಂಥವರು ಕೂತು, ಏನು ಕೆಟ್ಟಿತು, ಎಲ್ಲಿ ಕೆಟ್ಟಿತು ಎಂದು ಬರೆದು ಕಳಿಸಿದ್ದರಿಂದ.

ಬೇರೆ ಕಂಪನಿಗಳು ನಮ್ಮನ್ನು ಹೊರಗಿಡುವಾಗ ಕಳ್ಳಾಟದ ನೆಪ ಹೇಳುತ್ತವೆ. ಕಂಪ್ಯೂಟರಿನ ತಳಮಟ್ಟದಲ್ಲಿ ಅವರ ಕಾವಲುಗಾರನನ್ನು ಕೂರಿಸಬೇಕಂತೆ, ಲಿನಕ್ಸಿನಲ್ಲಿ ಅದಕ್ಕೆ ಜಾಗ ಕೊಡುವುದಿಲ್ಲವಂತೆ. ಇಸ್ಪೀಟು ಆಡಲು ಬಂದ ನೆಂಟ ನನ್ನ ಮಲಗುವ ಕೋಣೆಯ ಬೀಗದ ಕೈ ಕೇಳಿದ ಹಾಗೆ. ಡ್ರೈ ಬಿಲ್ಲಿಯವರು ಆ ನೆಪವನ್ನೂ ಹೇಳಲಿಲ್ಲ. ಅವರು ಹೇಳಿದ್ದು ಇನ್ನೂ ಕೆಟ್ಟದ್ದು: “ಲಿನಕ್ಸ್ ಆಟಗಾರರು ಬೆರಳೆಣಿಕೆಯಷ್ಟು. ಆದರೆ ಆಟ ಕುಸಿದು ಬಿತ್ತೆಂದು ನಮಗೆ ಬರುವ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರವೇ. ಆದ್ದರಿಂದ ಲಿನಕ್ಸಿನಲ್ಲಿ ಆಟ ಸರಿಯಾಗಿ ನಡೆಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೇವೆ.”

ನಡೆಯುತ್ತಿತ್ತು, ನೆವ್. ಚೆನ್ನಾಗಿಯೇ ನಡೆಯುತ್ತಿತ್ತು. ದೂರು ಕಳಿಸಿ ಎಂದು, ಆಟಗಾರರೆಲ್ಲ ಬರೆದುಕೊಳ್ಳುವ ಫೋರಮ್ಮಿನ ನೆತ್ತಿಯ ಮೇಲೆ ಬರೆದು ಅಂಟಿಸಿದವರು ಅವರು. ಹೇಗೆ ಬರೆಯಬೇಕೆಂದು ಹೊಸಬರಿಗೆ ಹೇಳಿಕೊಟ್ಟವಳು ನಾನು. ಮೂರೇ ಪ್ರಶ್ನೆ: ನೀವು ಏನು ಮಾಡುತ್ತಿದ್ದಿರಿ, ಏನಾಗುತ್ತದೆ ಎಂದುಕೊಂಡಿದ್ದಿರಿ, ಏನಾಯಿತು. ಬೈಗುಳ ಬೇಡ, ಊಹೆ ಬೇಡ. ನೀನು ಫೋರಮ್ಮಿನಲ್ಲಿ ನನ್ನನ್ನು ಗುರುತು ಹಿಡಿದದ್ದೂ ಹಾಗೇ ಅಲ್ಲವೇ? ಯಾರೋ ಗಂಡಸು ಅರ್ಧಂಬರ್ಧ ದೂರು ಬರೆದಿದ್ದ, ನಾನು ಬೆಂಡೆತ್ತಿದ್ದೆ. “ಈ ಬೈಗುಳ ನಾನು ಹದಿನೇಳು ವರ್ಷ ತಿಂದದ್ದು. ಲೀ, ನೀನೇನಾ?” ಎಂದು ನೀನು ಕೆಳಗೆ ಬರೆದೆ.

ನಿನ್ನೆ ಪೆಂಗ್ವಿನ್ ಊರಿನಲ್ಲಿ ನಮ್ಮ ಗುಂಪು ಸೇರಿತ್ತು. ಲಿನಕ್ಸಿನ ಲಾಂಛನವೇ ಪೆಂಗ್ವಿನ್ ಆಗಿರುವಾಗ ನಾವು ಸೇರಲು ಟಾಸ್ಮೇನಿಯಾದಲ್ಲಿ ಬೇರೆ ಊರು ಸಲ್ಲದು. ತುವಾನನ ಬೇಕರಿಯ ಹಿಂದಿನ ಕೋಣೆ. ಅವನು ಮೀನಿನ ಪೈ ತಂದಿಟ್ಟು ಮಾತಿಗೆ ಕೂತ.

“ಲಿಯೋನಿ, ಒಂದ್ ಮಾತು. ನನ್ನ ಅಂಗಡೀಲಿ ಬ್ರೆಡ್ಡು ಸರಿ ಇಲ್ಲ ಅಂತ ಹೇಳೋರು ಇಬ್ರೇ. ಒಬ್ರು ಮಿಸೆಸ್ ಡಾಕಿನ್ಸ್, ಇನ್ನೊಬ್ರು ನೀವು.”

“ಅದಕ್ಕೇ?”

“ಅದಕ್ಕೇ ಏನು? ಇಬ್ರೂ ತಪ್ಪದೆ ಬರ್ತೀರ. ಸರಿ ಇಲ್ಲ ಅನ್ನದೋರೆಲ್ಲ ಸೂಪರ್‌ಮಾರ್ಕೆಟ್ಟಿಗೆ ಹೋದ್ರು. ನಿಮ್ಮಿಬ್ರನ್ನ ಅಂಗಡಿಯಿಂದ ಓಡಿಸಿದ್ರೆ ನನ್ನ ಬ್ರೆಡ್ಡು ಒಳ್ಳೇದಾಗ್ಬಿಡುತ್ತಾ?”

ನಾನು ಪೈಯನ್ನು ಪೂರ್ತಿ ತಿಂದೆ. ಉಪ್ಪು ಕಮ್ಮಿ ಇತ್ತು. ಹೇಳಿದೆ.

ಮತ್ತೆ, ಲಿನಕ್ಸನ್ನು ಮನೆಗೆ ತಂದವನು ನೀನು ನಿಜ. ತಂದಿಟ್ಟು ಹೋದೆ. ಅದು ಉಳಿಯಿತು. ಪ್ರತಿ ಬೆಳಗ್ಗೆ ತೆರೆದಾಗ ಅದು ಈಗಲೂ ನೀನು ಅವತ್ತು ಬರೆದಿಟ್ಟ ಹೆಸರಿನಿಂದಲೇ ನನ್ನನ್ನು ಕರೆಯುತ್ತದೆ. ಕಂಪ್ಯೂಟರನ್ನು ಮೂರು ಸಲ ಬದಲಾಯಿಸಿದ್ದೇನೆ. ಆ ಹೆಸರನ್ನು ಬದಲಾಯಿಸಿಲ್ಲ. ಇದನ್ನು ವಿರೆಮುಗೆ ಓದಿ ಹೇಳಬೇಡ.

ಲಿಯೋನಿ


ಕಲ್ಗೂರ್ಲಿ
೩೦ ಜೂನ್ ೨೦೨೫

ಲೀ,

ಬರೆಯಲು ತಡವಾಯಿತು. ಪಾಳಿ ಬದಲಾಯಿತು, ಆಮೇಲೆ ಬೆನ್ನು ಹಿಡಿದುಕೊಂಡಿತು, ಆಮೇಲೆ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಭಾನುವಾರ ತಪ್ಪದೆ ಒಳಗೆ ಹೋಗುತ್ತೇನೆ. ನಿನ್ನ ಹಸಿರು ದೋಣಿಗೆ ನೀರು ತುಂಬುತ್ತದೆ, ತೋಡಿ ಹಾಕುತ್ತೇನೆ. ಅದು ನಿನ್ನದಾದ್ದರಿಂದ ನನಗೆ ಬಿಚ್ಚಲು ಬರುವುದಿಲ್ಲ, ತೋಡಲು ಮಾತ್ರ ಬಿಡುತ್ತದೆ. ಚಳಿಗಾಲದ ಹಿಮ ಬಿದ್ದಿದೆ. ಬಾಗಿಲಿನ ಮೇಲಿನ ಹಿಮ ಒರೆಸಿದೆ. ಎರಡೂ ಹೆಸರು ಓದುವಂತಿವೆ.

ಒಂದು ವಿಷಯ. ಹಳೇ ಸೇತುವೆ ದಾಟುವಾಗ ಆಟ ದೊಪ್ಪನೆ ಬಿದ್ದುಹೋಗುತ್ತದೆ ಎಂದು ನೀನು ಅವರಿಗೆ ಪದೇಪದೇ ಬರೆಯುತ್ತಿದ್ದೆಯಲ್ಲ. ನನ್ನದೂ ಬೀಳುತ್ತದೆ. ಮೊದಲಿನಿಂದಲೂ. ವಿಂಡೋಸಿನಲ್ಲೇ. ನಾನು ಮತ್ತೆ ಶುರು ಮಾಡಿ ಒಳಗೆ ಹೋಗುತ್ತೇನೆ, ಅಷ್ಟೇ. ಈಗೀಗ ಸೇತುವೆಯ ಕಡೆಗೇ ಹೋಗುವುದಿಲ್ಲ, ಸುತ್ತಿಕೊಂಡು ಹೋಗುತ್ತೇನೆ.

ನಿನಗೆ ಉಪಯೋಗವಾದೀತೆಂದು ತಿಳಿಸಿದೆ.

ನೆವ್


ಬರ್ನಿ
೧೩ ಜುಲೈ ೨೦೨೫

ನೆವ್,

ಮೊದಲಿನಿಂದಲೂ!

ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತು ಗಾಳ ಹಾಕಿದವನು, ನಾನು ಸೇತುವೆಯ ಬಗ್ಗೆ ಬರೆದ ದೂರುಗಳನ್ನು ಓದಿದವನು, “ನನ್ನದೂ ಬೀಳುತ್ತದೆ” ಎಂಬ ಒಂದು ಸಾಲು ಬರೆಯಲಿಲ್ಲ. ಬರೆದಿದ್ದರೆ ಅದು ಲಿನಕ್ಸಿನ ದೋಷವಲ್ಲ, ಆಟದ್ದೇ ದೋಷ ಎಂದು ಅವತ್ತೇ ಗೊತ್ತಾಗುತ್ತಿತ್ತು. ನೀನೊಬ್ಬನೇ ಅಲ್ಲ. ನಿನ್ನಂಥವರು ಸಾವಿರಾರು ಜನ ಇರಬೇಕು. ಬಿದ್ದಾಗ ಏಳುತ್ತೀರಿ, ಧೂಳು ಕೊಡವಿಕೊಳ್ಳುತ್ತೀರಿ, ಸುತ್ತಿಕೊಂಡು ಹೋಗುತ್ತೀರಿ. ಒಂದು ದಿನ ಸುತ್ತಿಕೊಂಡು ಹೋದವರು ತಿರುಗಿ ಬರುವುದಿಲ್ಲ. ಎಲ್ಲಿ ತಪ್ಪಿತು ಎಂದು ಉಳಿದವರಿಗೆ ಯಾವತ್ತೂ ತಿಳಿಯುವುದಿಲ್ಲ.

ನಾನು ಈಗ ಆಟದ ಬಗ್ಗೆ ಬರೆಯುತ್ತಿಲ್ಲ, ಅದು ನಿನಗೆ ತಿಳಿದಿರುತ್ತದೆ.

ನಾನು ಹೇಳುತ್ತಿದ್ದೆ. ದಿನಾ ಹೇಳುತ್ತಿದ್ದೆ. ಒದ್ದೆ ಟವೆಲ್, ತೆರೆದಿಟ್ಟ ಗೇಟು, ನಿನ್ನಮ್ಮನಿಗೆ ಮಾಡದ ಫೋನು. ಕೆಟ್ಟದ್ದನ್ನು ಹೇಳಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಇದ್ದವರು ಮಾತ್ರ ಹೇಳುತ್ತಾರೆ. ನೀನು ಒಮ್ಮೆಯೂ ಏನೂ ಹೇಳಲಿಲ್ಲ, ಆದ್ದರಿಂದ ನನ್ನ ಕಡೆ ಎಲ್ಲ ಸರಿಯಿದೆ ಎಂದುಕೊಂಡೆ. ೨೦೧೧ರ ಆಗಸ್ಟಿನಲ್ಲಿ ನೀನು ವಿಮಾನ ಹತ್ತಿದೆ. “ಕೆಲಸ ಸಿಕ್ಕಿದೆ, ಸ್ವಲ್ಪ ದಿನ ನೋಡ್ತೀನಿ” ಅಂದೆ. ನಾನು ಅದಕ್ಕೂ ನಿನ್ನ ಸೂಟ್‌ಕೇಸಿನ ಜಿಪ್ಪು ಸರಿಯಿಲ್ಲ ಅಂದೆ.

ದೋಣಿಯ ನೀರು ತೋಡಿದ್ದಕ್ಕೆ ವಂದನೆ.

ಲಿಯೋನಿ


ಬರ್ನಿ
೭ ಸೆಪ್ಟೆಂಬರ್ ೨೦೨೫

ನೆವ್,

ಈ ಕಾಗದಕ್ಕೆ ಉತ್ತರ ಬೇಕಿಲ್ಲ. ಹಿಂದಿನದಕ್ಕೂ ಬೇಕಿರಲಿಲ್ಲ. ಜಾಕರಾಂಡ ಇಲ್ಲಿ ಬೆಳೆಯುವುದಿಲ್ಲ ಎಂದು ನೀನು ಪಣ ಕಟ್ಟಿ ನೆಟ್ಟ ಗಿಡ ಇನ್ನೂ ನಿನ್ನ ಮಾತನ್ನೇ ನಿಜ ಮಾಡುತ್ತಿದೆ, ಆದರೆ ಸತ್ತಿಲ್ಲ. ಬಂದರಿನಿಂದ ಮರದ ಚಕ್ಕೆಯ ವಾಸನೆ ಬರುತ್ತಿದೆ. ಗಾಳಿ ಬಡಗಣದ್ದು.

ಲಿಯೋನಿ


ಕಲ್ಗೂರ್ಲಿ
೧೯ ಅಕ್ಟೋಬರ್ ೨೦೨೫, ಭಾನುವಾರ

ಲೀ,

ಇವತ್ತು ನಾನೂ ಹೊರಗೆ.

ವಿಂಡೋಸ್ ಹತ್ತಕ್ಕೆ ಈ ತಿಂಗಳು ಬೆಂಬಲ ಮುಗಿಯಿತು, ನಿನಗೆ ಗೊತ್ತಿರುತ್ತದೆ. ನನ್ನ ಲ್ಯಾಪ್‌ಟಾಪು ಹನ್ನೊಂದಕ್ಕೆ ಏರುವ ಜಾತಿಯದಲ್ಲ. ಡ್ರೈ ಬಿಲ್ಲಿಯವರು ಹಳೇ ವಿಂಡೋಸಿನವರಿಗೂ ಬಾಗಿಲು ಹಾಕಿದ್ದಾರೆ. ಅದೇ ಎರಡು ಸಾಲು, ಅದೇ ‘ಸರಿ’ ಗುಂಡಿ. ಹೊರಗೆ ಹಾಕುವ ಮುಂಚೆ, ಹೋದ ವಾರ, ನಾನು ಜನ್ಮದಲ್ಲಿ ಮಾಡದ ಕೆಲಸ ಮಾಡಿದೆ. ಫೋರಮ್ಮಿನಲ್ಲಿ ಬರೆದೆ: “ಹಳೇ ಸೇತುವೆಯಲ್ಲಿ ಯಾರ್ಯಾರದು ಬೀಳುತ್ತೆ? ವಿಂಡೋಸಿನವರು ಮಾತ್ರ ಹೇಳಿ.” ಸಂಜೆಯೊಳಗೆ ಉತ್ತರಗಳ ಸುರಿಮಳೆ. “ನಂದೂ”, “ಯಾವಾಗ್ಲೂ”, “ಅದು ಹಾಗೇ ಇರೋದು ಅಂದ್ಕೊಂಡಿದ್ದೆ”, “ಸೇತುವೆ ಶಾಪ ಅಂತ ನಮ್ಮನೇಲಿ ತಮಾಷೆ”. ಮರುದಿನ ಬೆಳಗ್ಗೆ ನೋಡಿದರೆ ಇಡೀ ಚರ್ಚೆಯೇ ಇಲ್ಲ. ಕಂಪನಿಯವರು ತೆಗೆದುಹಾಕಿದ್ದರು. ಅಷ್ಟರಲ್ಲಿ ನಾನು ಎಲ್ಲವನ್ನೂ ಅಚ್ಚು ಹಾಕಿಸಿಕೊಂಡಿದ್ದೆ. ನಿನ್ನ ಜೊತೆ ಬಾಳಿದ್ದಕ್ಕೆ ಅಷ್ಟಾದರೂ ಬುದ್ಧಿ ಬಂದಿದೆ. ಇದರ ಜೊತೆ ಇಟ್ಟಿದ್ದೇನೆ.

ವಿರೆಮು, “ಹೊಸ ಲ್ಯಾಪ್‌ಟಾಪ್ ತಗೋ ಗುರು, ಸಾಕು ಗೋಳು” ಅಂದ. ತೆಗೆದುಕೊಳ್ಳಲಿಲ್ಲ. ಈ ಹಳೆಯದಕ್ಕೇ ಲಿನಕ್ಸ್ ಹಾಕಿದೆ. ಎರಡು ಸಲ ಎಡವಿದೆ. ನಿನ್ನನ್ನು ಕೇಳಬೇಕೆನಿಸಿತು, ಕೇಳಲಿಲ್ಲ. ಈಗ ನಡೆಯುತ್ತಿದೆ. ಇದನ್ನು ಬರೆಯುವಾಗ ಅದರಲ್ಲಿ ಇಸ್ಪೀಟಿನ ಆಟ ತೆರೆದಿದೆ.

ನಿನ್ನ ಜುಲೈ ಕಾಗದವನ್ನು ಬಹಳ ಸಲ ಓದಿದೆ. ನಾನು ಒಮ್ಮೆಯೂ ದೂರು ಬರೆದಿಲ್ಲ ಅಂದೆಯಲ್ಲ. ನೀನು ಹೊಸಬರಿಗೆ ಹೇಳಿಕೊಟ್ಟ ಕ್ರಮದಲ್ಲೇ ಬರೆಯುತ್ತೇನೆ.

ಏನು ಮಾಡುತ್ತಿದ್ದೆ: ಗಿರಣಿ ಮುಚ್ಚಿದ ದಿನ ಮನೆಗೆ ಬಂದೆ. ಇಪ್ಪತ್ತೊಂದು ವರ್ಷ ಓಡಿಸಿದ ಯಂತ್ರ ನಿಂತಾಗ ಎಂಥ ನಿಶ್ಶಬ್ದ ಎಂದು ನಿನಗೆ ಹೇಳಬೇಕೆಂದಿದ್ದೆ.

ಏನಾಗುತ್ತದೆ ಎಂದುಕೊಂಡಿದ್ದೆ: ನೀನು ಚಹಾ ಮಾಡಿ ನನ್ನ ಪಕ್ಕ ಕೂರುತ್ತೀಯ, ಏನೂ ಹೇಳುವುದಿಲ್ಲ ಎಂದು.

ಏನಾಯಿತು: ನೀನು ಆಗಲೇ ಮಂತ್ರಿಗೆ ಪತ್ರ ಬರೆದಿದ್ದೆ. ನನಗೆ ಓದಿ ಹೇಳಿದೆ. ತುಂಬ ಚೆನ್ನಾಗಿತ್ತು ಪತ್ರ. ಅದರಲ್ಲಿ ಸರ್ಕಾರ ಇತ್ತು, ಕಂಪನಿ ಇತ್ತು, ನಾನೂರು ಜನ ಕೆಲಸಗಾರರಿದ್ದರು. ನಾನಿರಲಿಲ್ಲ.

ಇಷ್ಟೇ. ಬೈಗುಳ ಹಾಕಿಲ್ಲ, ಊಹೆ ಮಾಡಿಲ್ಲ.

ನೆವ್


ಬರ್ನಿ
೯ ನವೆಂಬರ್ ೨೦೨೫

ನೆವ್,

ನಿನ್ನ ವರದಿ ತಲುಪಿತು. ಮೂರು ವಾರ ಹಿಡಿಯಿತು ಉತ್ತರಿಸಲು, ಕ್ಷಮಿಸು. ದೋಷ ನಿಜವೇ ಎಂದು ಮೊದಲು ನೋಡಬೇಕಲ್ಲ. ನೋಡಿದೆ. ನನ್ನ ತಂಗಿಯ ಗಂಡ ಹೋದ ತಿಂಗಳು ಕೆಲಸ ಕಳೆದುಕೊಂಡು ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ಕಾರ್ಮಿಕ ಸಂಘದ ಫೋನ್ ನಂಬರ್ ಹುಡುಕುತ್ತಿದ್ದೆ. ಅವನು ನನ್ನನ್ನು ನೋಡಿದ. ನೀನು ಹೇಗೆ ನೋಡಿರಬಹುದು ಎಂದು ಆಗ ತಿಳಿಯಿತು. ಕೆಟ್ಟಿರುವುದು ಹೌದು, ಮತ್ತೆ ಮತ್ತೆ ಕೆಡುತ್ತದೆ. ಆ ಮಧ್ಯಾಹ್ನ ಕಂಪ್ಯೂಟರ್ ಮುಚ್ಚಿ ಅವನ ಪಕ್ಕ ಕೂತೆ. ಬಹಳ ಕಷ್ಟ, ನೆವ್, ಸುಮ್ಮನೆ ಕೂರುವುದು. ನೀನು ಹೇಗೆ ಮಾಡುತ್ತಿದ್ದೆಯೋ.

ದೂರದಿಂದ ಕೆಲವು ದೋಷಗಳನ್ನು ಸರಿಪಡಿಸಲಾಗುವುದಿಲ್ಲ. ಅದು ನಿನಗೂ ಗೊತ್ತು. ಬೇಸಿಗೆಯಲ್ಲಿ ನಿನಗೆ ರಜೆ ಇದೆಯೇ ಎಂದು ನಾನು ಕೇಳುತ್ತಿಲ್ಲ. ಪೆನ್ನು ಹಿಡಿದ ಕೈ ತಾನಾಗಿ ಬರೆಯಿತು.

ಈ ತಿಂಗಳ ಕೊನೆಗೆ ಬಾಗಿಲಿನಲ್ಲಿ ನಿನ್ನ ಹೆಸರೊಂದೇ ಉಳಿಯುತ್ತದೆ. ಅದನ್ನು ಓದಲು ನಾವಿಬ್ಬರೂ ಅಲ್ಲಿರುವುದಿಲ್ಲ. ಅದನ್ನು ನೆನೆದು ಇವತ್ತು ಸಂಜೆ, ನಮ್ಮ ಹೊತ್ತಿಗೆ ಸರಿಯಾಗಿ, ನಾನೂ ಇಸ್ಪೀಟು ತೆರೆದೆ. ಒಬ್ಬರೇ ಆಡುವ ಆಟ. ನೀನೂ ಅಲ್ಲಿ ಅದನ್ನೇ ಆಡುತ್ತಿದ್ದೀಯ ಎಂದುಕೊಂಡು ಆಡಿದರೆ ಬೇರೆಯಾಗಿರುತ್ತದೆ.

ಅಚ್ಚು ಹಾಕಿಸಿ ಕಳಿಸಿದ್ದು ಬಹಳ ಕೆಲಸಕ್ಕೆ ಬಂತು.

ನಿನ್ನ
ಲಿಯೋನಿ


ಡ್ರೈ ಬಿಲ್ಲಿ ಸ್ಟುಡಿಯೋದವರಿಗೆ ಬಹಿರಂಗ ಪತ್ರ
ಬರ್ನಿ, ೧ ಡಿಸೆಂಬರ್ ೨೦೨೫
(ನಮ್ಮ ಊರಿನ ಪತ್ರಿಕೆಗೂ ನಿಮ್ಮ ಫೋರಮ್ಮಿಗೂ ಒಟ್ಟಿಗೆ ಕಳಿಸಿದೆ)

ಮಹನೀಯರೇ,

ಇವತ್ತು ಬೆಳಗ್ಗೆ ನಿಮ್ಮ ನದಿಯ ದಂಡೆಯ ಒಂದು ಗುಡಿಸಲಿನ ಬಾಗಿಲಿನಿಂದ ನನ್ನ ಹೆಸರು ಅಳಿಯಿತು. ನಿಮ್ಮ ಆಟದ ನಿಯಮದಂತೆಯೇ ಅಳಿಯಿತು. ಬಾರದವರ ಹೆಸರು ಇರಬಾರದು ಎಂಬ ನಿಯಮ ನ್ಯಾಯವಾದದ್ದೇ. ಬರಗೊಡದವರು ಅದನ್ನು ಬಳಸುವುದು ನ್ಯಾಯವಲ್ಲ. ಆ ಹೆಸರನ್ನು ಮತ್ತೆ ಬರೆಯಿರಿ ಎಂದು ಕೇಳಲು ಈ ಪತ್ರವಲ್ಲ.

ನಮ್ಮ ದೂರುಗಳು ಹೆಚ್ಚು, ಆದ್ದರಿಂದ ನಮ್ಮ ಕಂಪ್ಯೂಟರುಗಳು ಕೆಟ್ಟವು ಎಂದಿರಿ. ಹಳೇ ಸೇತುವೆಯ ಮೇಲೆ ಎಲ್ಲರ ಆಟವೂ ಬೀಳುತ್ತದೆ. ವಿಂಡೋಸಿನವರು ಅದನ್ನು ಅಕ್ಟೋಬರಿನಲ್ಲಿ ನಿಮ್ಮ ಕಣ್ಣೆದುರೇ ಬರೆದರು. ನೀವು ಒಂದು ರಾತ್ರಿಯಲ್ಲಿ ಅದನ್ನು ಅಳಿಸಿದಿರಿ. ಅದರ ಅಚ್ಚು ಪ್ರತಿ ಈ ಪತ್ರಿಕೆಯ ಸಂಪಾದಕರ ಬಳಿ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು.

ದೂರು ಎಂದರೇನು ಎಂದು ನನಗೆ ಈ ವರ್ಷ ತಿಳಿಯಿತು. ನನಗೆ ಬಹಳ ಬೇಕಾದವರೊಬ್ಬರು ನನ್ನ ಬಗ್ಗೆ ಒಂದೂ ದೂರು ಹೇಳದೆ ಹೊರಟುಹೋದರು. ಅವರು ಸುಖವಾಗಿದ್ದರು ಎಂದೇ ನಾನು ತಿಳಿದಿದ್ದೆ. ಅವರ ಮೊದಲ ದೂರು ನನ್ನ ಕೈಸೇರಲು ಹದಿನಾಲ್ಕು ವರ್ಷ ಬೇಕಾಯಿತು. ಆ ಕಾಗದಕ್ಕಿಂತ ಬೆಲೆಯುಳ್ಳದ್ದು ನನ್ನ ಮನೆಯಲ್ಲಿ ಬೇರೇನೂ ಇಲ್ಲ. ನಿಮಗೆ ಅಂಥವು ವಾರವಾರವೂ ಬರುತ್ತಿದ್ದವು, ಉಳಿಯಬೇಕೆಂದಿದ್ದವರಿಂದ ಬರುತ್ತಿದ್ದವು. ನೀವು ಅವನ್ನು ಎಣಿಸಿ, ಬರೆದವರನ್ನು ಹೊರಗೆ ಹಾಕಿದಿರಿ.

ಈಗ ಹೇಳಿ. ಸೇತುವೆಯ ಮೇಲೆ ಬಿದ್ದು, ಏನೂ ಬರೆಯದೆ, ತಿರುಗಿ ಬಾರದೆ ಹೋದವರು ಎಷ್ಟು ಜನ? ಅವರನ್ನೆಲ್ಲ ನೀವು ಸುಖವಾಗಿರುವವರ ಲೆಕ್ಕಕ್ಕೆ ಸೇರಿಸಿದ್ದೇಕೆ? ಅಕ್ಟೋಬರಿನ ಆ ಚರ್ಚೆಯನ್ನು ಅಳಿಸಿದವರು ಯಾರು, ಯಾರ ಅಪ್ಪಣೆಯ ಮೇಲೆ?

ನನಗೆ ಖಾಸಗಿಯಾಗಿ ಬರೆಯಬೇಡಿ, ನಾನು ತೆರೆಯುವುದಿಲ್ಲ. “ದೂರು ಕಳಿಸಿ” ಎಂದು ನೀವು ನಮ್ಮನ್ನು ಕರೆದ ಆ ಫೋರಮ್ಮಿನ ನೆತ್ತಿಯ ಮೇಲೆಯೇ, ಎಲ್ಲರೂ ಓದುವಂತೆ, ನಿಮ್ಮ ಹೆಸರು ಹಾಕಿ ಉತ್ತರಿಸಿ.

ಲಿಯೋನಿ ಹಾರ್ಗ್ರೇವ್